ಸುಳ್ಳೆಂದು ತೋರಿಸಿಕೊಟ್ಟರೂ ದೊಡ್ಡಪ್ಪನವರು ಪಟ್ಟು ಸಡಿಲಿಸಲಿಲ್ಲ, ಏಕೆ?

ಪ್ರಶ್ನೆ (ಹಾಸನದ ಓದುಗ)

ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂವತ್ತಕ್ಕೂ ಹೆಚ್ಚು ಜನರಿದ್ದೇವೆ. ಕಳೆದ ಚುನಾವಣೆಯ ಹೊತ್ತಿನಲ್ಲಿ ದೊಡ್ಡಪ್ಪನವರು ಒಂದು ಫೋಟೊ ಹಾಕಿ, ಅದು ತಮಗಾಗದ ಪಕ್ಷದವರು ನಡೆಸಿದ ಗಲಭೆಯದೆಂದು ಬರೆದರು. ಅದು ಎಷ್ಟೋ ವರ್ಷ ಹಿಂದಿನ, ಬೇರೆ ದೇಶದ ಫೋಟೊ ಎಂಬುದನ್ನು ನಾನು ಅಲ್ಲಿಯೇ ಆಧಾರಸಮೇತ ತೋರಿಸಿದೆ. ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾದ ಅವರು ಹತ್ತು ರೂಪಾಯಿಯ ವ್ಯತ್ಯಾಸ ಬಂದರೂ ರಸೀದಿ ಕೇಳುವ ಮನುಷ್ಯ. ಅಂಥವರು, “ಫೋಟೊ ಹಳೆಯದಾದರೇನು, ಅವರ ಬುದ್ಧಿಯೂ ಹಳೆಯದೇ” ಎಂದು ಬರೆದು ಸುಮ್ಮನಾದರು. ನಾಲ್ಕೈದು ಜನ ಅದಕ್ಕೆ ಚಪ್ಪಾಳೆಯ ಗುರುತನ್ನೂ ಒತ್ತಿದರು. ಅಂದಿನಿಂದ ನನ್ನೊಡನೆ ಅವರ ಮಾತು ಕಡಿಮೆಯಾಗಿದೆ. ಗೌರಿ ಹಬ್ಬಕ್ಕೆ ಕರೆಯೂ ಬರಲಿಲ್ಲ. ಇದು ಬರಿಯ ಹಟವೇ, ವಯಸ್ಸಿನ ಪ್ರಭಾವವೇ, ಅಥವಾ ಮನಶ್ಶಾಸ್ತ್ರ ಇದನ್ನು ಬೇರೆ ರೀತಿಯಲ್ಲಿ ವಿವರಿಸುತ್ತದೆಯೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ನಿವೃತ್ತ ಅಧ್ಯಾಪಕ)

ವಯಸ್ಸನ್ನು ದೂರಬೇಡಿ, ಇಪ್ಪತ್ತರ ಹುಡುಗರಲ್ಲಿಯೂ ಇದೇ ನಡವಳಿಕೆಯನ್ನು ತರಗತಿಯಲ್ಲಿ ಕಂಡಿದ್ದೇನೆ. ಒಪ್ಪಿಕೊಂಡ ನಂಬಿಕೆಗೂ ಕಣ್ಣೆದುರಿನ ಸತ್ಯಕ್ಕೂ ತಾಳೆಯಾಗದಿದ್ದಾಗ ಮನಸ್ಸಿನಲ್ಲಿ ಏಳುವ ಕಸಿವಿಸಿಗೆ ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಕಾಗ್ನಿಟಿವ್ ಡಿಸೊನೆನ್ಸ್ ಎಂದು ಹೆಸರಿಟ್ಟು, 1957ರಲ್ಲಿ ಆ ಸಿದ್ಧಾಂತವನ್ನು ಪುಸ್ತಕರೂಪದಲ್ಲಿ ಮಂಡಿಸಿದರು. ಅದಕ್ಕೂ ಮೊದಲು, 1954ರಲ್ಲಿ, ಶಿಕಾಗೊ ಬಳಿಯ ಒಂದು ಚಿಕ್ಕ ಗುಂಪನ್ನು ಅವರೂ ಅವರ ಸಹೋದ್ಯೋಗಿಗಳೂ ಗಮನಿಸಿದ್ದರು. ಡಿಸೆಂಬರ್ 21ರಂದು ಮಹಾಪ್ರಳಯವಾಗುತ್ತದೆ, ಅದಕ್ಕೆ ಮುನ್ನ ಹಾರುವ ತಟ್ಟೆ ಬಂದು ತಮ್ಮನ್ನು ಕರೆದೊಯ್ಯುತ್ತದೆ ಎಂದು ನಂಬಿ, ಕೆಲವರು ಕೆಲಸವನ್ನೂ ಬಿಟ್ಟು ಕಾಯುತ್ತಿದ್ದರು. ತಟ್ಟೆಯೂ ಬರಲಿಲ್ಲ, ಪ್ರಳಯವೂ ಆಗಲಿಲ್ಲ. ಬೆಳಗಿನ ಜಾವದ ಹೊತ್ತಿಗೆ ಗುಂಪಿನ ನಾಯಕಿಗೆ ಹೊಸ ಸಂದೇಶವೊಂದು “ಬಂದಿತು”: ಇವರ ಭಕ್ತಿಯಿಂದಲೇ ಲೋಕ ಉಳಿಯಿತಂತೆ! ಅಲ್ಲಿಯವರೆಗೆ ಪತ್ರಕರ್ತರಿಂದ ತಪ್ಪಿಸಿಕೊಳ್ಳುತ್ತಿದ್ದವರು ತಾವಾಗಿಯೇ ಪತ್ರಿಕೆಗಳಿಗೆ ಫೋನು ಮಾಡತೊಡಗಿದರೆಂದು ಫೆಸ್ಟಿಂಗರ್ ತಂಡ ವರದಿ ಮಾಡಿತು.

ನಿಮ್ಮ ಪ್ರಶ್ನೆಗೆ ಹತ್ತಿರವಾದ ಅಂಶ ಇದರ ಮುಂದಿನ ಭಾಗದಲ್ಲಿದೆ. ಅದೇ ಗುಂಪಿಗೆ ಸೇರಿದ್ದ ಕೆಲವು ವಿದ್ಯಾರ್ಥಿಗಳು ಆ ರಾತ್ರಿ ರಜೆಗೆಂದು ತಮ್ಮ ತಮ್ಮ ಊರುಗಳಲ್ಲಿದ್ದರು. ಸಮಾಧಾನ ಹೇಳುವ ಸಂಗಾತಿಗಳಿಲ್ಲದೆ ಒಬ್ಬೊಬ್ಬರಾಗಿ ಬೆಳಗು ಕಂಡ ಅವರಲ್ಲಿ ಬಹುಪಾಲು ಮಂದಿಯ ನಂಬಿಕೆ ಕುಸಿಯಿತೆಂದು ಸಂಶೋಧಕರು ಬರೆದಿದ್ದಾರೆ. ನಿಮ್ಮ ದೊಡ್ಡಪ್ಪನವರಿಗೆ ಚಪ್ಪಾಳೆ ತಟ್ಟಿದ ಆ ನಾಲ್ಕೈದು ಜನರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಉತ್ತರ 2 (ಸಮಾಜಶಾಸ್ತ್ರದ ವಿದ್ಯಾರ್ಥಿನಿ, ಮೈಸೂರು)

ಮೇಲಿನ ಮಾತನ್ನು ಒಪ್ಪುತ್ತಲೇ, ಗುಂಪಿನ ಬಗ್ಗೆ ಇನ್ನಷ್ಟು ಹೇಳಬೇಕಿದೆ. ಪೋಲೆಂಡಿನ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿಗಳ ಹತ್ಯಾಕಾಂಡದಲ್ಲಿ ತನ್ನವರನ್ನು ಕಳೆದುಕೊಂಡಿದ್ದ ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್ಫೆಲ್, 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಬಾಲಕರ ಮೇಲೆ ಒಂದು ಪ್ರಯೋಗ ನಡೆಸಿದರು. ನಿಮಗೆ ಇಂಥ ಚಿತ್ರಕಾರನ ಚಿತ್ರ ಹಿಡಿಸಿತು ಎಂಬ ನೆಪ ಹೇಳಿ, ವಾಸ್ತವದಲ್ಲಿ ಚೀಟಿ ಎತ್ತಿದಂತೆ ಹುಡುಗರನ್ನು ಎರಡು ಪಾಲು ಮಾಡಿ, ಇತರರಿಗೆ ಹಣ ಹಂಚಲು ಹೇಳಿದರು. ತನ್ನ ಗುಂಪಿನಲ್ಲಿ ಯಾರಿದ್ದಾರೆಂಬುದು ಯಾರಿಗೂ ಗೊತ್ತಿರಲಿಲ್ಲ, ಹಂಚುವವನಿಗೆ ಸ್ವಂತ ಲಾಭವೂ ಇರಲಿಲ್ಲ. ಆದರೂ ಹುಡುಗರು ತಮ್ಮ ಕಡೆಯವರಿಗೆ ಹೆಚ್ಚು ಕೊಟ್ಟರು. ಅದಕ್ಕಿಂತ ಬೆರಗಿನ ಸಂಗತಿಯೆಂದರೆ, ತಮ್ಮವರಿಗೆ ಸಿಗುವ ಮೊತ್ತ ಕಡಿಮೆಯಾದರೂ ಸರಿ, ಎದುರಿನವರಿಗಿಂತ ಅಂತರ ದೊಡ್ಡದಾಗಿರಬೇಕು ಎಂಬ ಆಯ್ಕೆಯತ್ತ ಅವರು ವಾಲಿದರು. ಕ್ಷಣಮಾತ್ರದ ಗುಂಪಿಗೇ ಇಷ್ಟು ಕಟ್ಟುಬೀಳುವ ಮನಸ್ಸು, ನಲವತ್ತು ವರ್ಷ ಒಂದೇ ಚಿಹ್ನೆಗೆ ಮತ ಹಾಕಿದವರಲ್ಲಿ ಹೇಗಿರಬಹುದು!

ಇನ್ನೊಂದು, ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆ್ಯಶ್ ಅವರ 1951ರ ಪ್ರಯೋಗ. ಯಾವ ಗೆರೆ ಯಾವುದಕ್ಕೆ ಸಮ ಎಂಬ ಮಗುವಿಗೂ ತಿಳಿಯುವ ಪ್ರಶ್ನೆಗೆ, ಮೊದಲೇ ಹೇಳಿಕೊಟ್ಟಿದ್ದ ಜನರೆಲ್ಲ ಒಕ್ಕೊರಲಿನಿಂದ ತಪ್ಪು ಉತ್ತರ ನೀಡುತ್ತಿದ್ದರು. ನಡುವೆ ಕುಳಿತ ಅಮಾಯಕರಲ್ಲಿ ಸುಮಾರು ನಾಲ್ಕರಲ್ಲಿ ಮೂವರು ಒಮ್ಮೆಯಾದರೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಮಾತನ್ನು ಹಿಡಿದರು. ಆದರೆ ಸರಿಯಾದ ಉತ್ತರ ಹೇಳುವ ಒಬ್ಬನೇ ಒಬ್ಬ ಜೊತೆಗಿದ್ದರೂ ಆ ವಾಲಿಕೆ ಬಹಳ ಮಟ್ಟಿಗೆ ಇಳಿಯಿತು. ನಿಮ್ಮ ಗುಂಪಿನಲ್ಲಿ ಅಂದು ನಿಮ್ಮ ಪರವಾಗಿ ಒಬ್ಬರೂ ಮಾತನಾಡಲಿಲ್ಲವೆಂದು ತೋರುತ್ತದೆ.

ಉತ್ತರ 3 (ಆಪ್ತಸಮಾಲೋಚಕಿ)

ಮೊದಲಿಗೆ ಒಂದು ಎಚ್ಚರಿಕೆಯ ಮಾತು. 1954ರ ಗುಂಪಿನಲ್ಲಿ ನಂಬಿಕಸ್ಥರ ವೇಷದಲ್ಲಿ ಸಂಶೋಧಕರೂ ಸೇರಿಕೊಂಡಿದ್ದರು; ಅಷ್ಟು ಚಿಕ್ಕ ಕೂಟದಲ್ಲಿ ಅವರಿರುವಿಕೆಯೇ ಉಳಿದವರಿಗೆ ಬಲ ತುಂಬಿರಬಹುದೆಂಬ ಟೀಕೆ ಹಳೆಯದು. ಆದ್ದರಿಂದ ಅದೊಂದರ ಮೇಲೆಯೇ ಭಾರ ಹಾಕುವುದು ಬೇಡ.

ಎರಡನೆಯದಾಗಿ, ತಿದ್ದಿದರೆ ಜನ ತಪ್ಪನ್ನೇ ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ ಎಂಬ ಮಾತು ಈಗ ಎಲ್ಲೆಡೆ ಚಾಲ್ತಿಯಲ್ಲಿದೆ. ಇರಾಕ್ ಯುದ್ಧದ ಕುರಿತ ಒಂದು ಅಧ್ಯಯನದಿಂದ 2010ರಲ್ಲಿ ಅದಕ್ಕೆ ಹೆಸರು ಬಂದಿತು. ಆದರೆ ಅಮೆರಿಕದ ಸಂಶೋಧಕರಾದ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ 10,000ಕ್ಕೂ ಹೆಚ್ಚು ಜನರನ್ನು 52 ವಿಷಯಗಳ ಮೇಲೆ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಅಂಥ ಹಿಮ್ಮುಖ ಪರಿಣಾಮ ತೀರ ಅಪರೂಪವಾಗಿತ್ತು. ತಿದ್ದುಪಡಿ ಓದಿದ ಜನ ಸಾಮಾನ್ಯವಾಗಿ ಸತ್ಯಾಂಶವನ್ನು ಒಪ್ಪಿಕೊಳ್ಳುತ್ತಾರೆ, ತಮ್ಮ ನಾಯಕನ ಮೇಲಿನ ಒಲವನ್ನು ಮಾತ್ರ ಬದಲಿಸುವುದಿಲ್ಲ. 2016ರ ಅಮೆರಿಕದ ಚುನಾವಣೆಯ ವೇಳೆ ನಡೆದ ಪ್ರಯೋಗಗಳಲ್ಲಿಯೂ ಹೀಗೆಯೇ ಕಂಡಿತು.

ಈಗ ದೊಡ್ಡಪ್ಪನವರ ವಾಕ್ಯವನ್ನು ಮತ್ತೊಮ್ಮೆ ಓದಿ. “ಫೋಟೊ ಹಳೆಯದಾದರೇನು” ಎಂದಿದ್ದಾರೆ. ಅಂದರೆ ಹಳೆಯದೆಂದು ಒಪ್ಪಿಯಾಗಿದೆ! ಲೆಕ್ಕದ ಮನುಷ್ಯ ಲೆಕ್ಕ ತಪ್ಪಿಲ್ಲ. ಅವರು ಬಿಟ್ಟುಕೊಡದಿದ್ದುದು ಪಕ್ಷವನ್ನು, ಅದಕ್ಕಿಂತ ಹೆಚ್ಚಾಗಿ, ಮೂವತ್ತು ಜನ ಕಿರಿಯರ ಎದುರು ಹಿರಿಯರೆಂಬ ತಮ್ಮ ಸ್ಥಾನವನ್ನು. ನೀವೂ ಆಧಾರವನ್ನು ಅವರಿಗೆ ಮಾತ್ರ ಕಳುಹಿಸಬಹುದಿತ್ತು. ಸಭೆಯ ಮುಂದೆ ಇಟ್ಟಿರಿ. ಹೀಗೆನ್ನುವುದು ನಿಮಗೆ ನೋವಾದರೆ ಕ್ಷಮಿಸಿ, ಆದರೆ ಕುಟುಂಬಗಳ ನಡುವೆ ಕುಳಿತು ಮಾತನಾಡುವ ನನ್ನ ಕೆಲಸದಲ್ಲಿ ವಿಷಯಕ್ಕಾಗಿ ಮುರಿದ ಮಾತಿಗಿಂತ ಎದುರಿಗಿದ್ದ ಜನರಿಗಾಗಿ ಮುರಿದ ಮಾತೇ ಹೆಚ್ಚು. ಫೋಟೊದ ಮಾತೆತ್ತದೆ ಒಮ್ಮೆ ಮನೆಗೆ ಹೋಗಿ ಬನ್ನಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಕಳೆದ ಭಾನುವಾರ ಹೋಗಿದ್ದೆ. ಕಾಫಿ ಬೆಳೆಗೆ ಬಂದ ರೋಗ, ಅಕ್ಕನ ಮಗಳ ಮದುವೆ ಎಂದು ಒಂದು ಗಂಟೆ ಮಾತಾಯಿತು. ಹೊರಡುವಾಗ ಗೇಟಿನ ಬಳಿ ಅವರೇ, “ಅದೇನೋ ಸರಿ ಕಣಪ್ಪ, ಅಳಿಯಂದಿರೆಲ್ಲ ನೋಡುತ್ತಿದ್ದರಲ್ಲ” ಎಂದರು. ನಾನು, “ತಪ್ಪಾಯಿತು ದೊಡ್ಡಪ್ಪ” ಎಂದೆ. ಫೋಟೊ ಇನ್ನೂ ಗುಂಪಿನಲ್ಲಿಯೇ ಇದೆ.