ಎಕ್ಸಾಸ್ಟ್ ಬೋಲ್ಟ್ ಇಂಜಿನ್ ಹೆಡ್ಡಲ್ಲೇ ಮುರಿದಿದೆ, ಈಸಿ ಔಟ್ ಹಾಕಲಾ?

ಮೂಡಿಗೆರೆ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ ಎಂಟು ಎಕರೆ ರೊಬಸ್ಟಾ ಕಾಫಿ. ಕೆರೆ ಪಕ್ಕದ ಶೆಡ್ಡಲ್ಲಿ ಎರಡು ಸಿಲಿಂಡರಿನ ಡೀಸೆಲ್ ಇಂಜಿನ್ ಇದೆ, ಅಪ್ಪ ತಂದಿದ್ದು, ಹೆಡ್ಡು ಬೀಡಿನದು, ಅಂದ್ರೆ ಎರಕದ ಕಬ್ಬಿಣ. ಸ್ಪ್ರಿಂಕ್ಲರ್ ಶುರು ಮಾಡೋ ಮುಂಚೆ ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೆಡ್ಡಿಂದ ಹೊಗೆ ಹೊರಗೆ ಹೋಗೋ ಕೊಳವೆ) ಪ್ಯಾಕಿಂಗ್ ಸುಟ್ಟು ಪಕ್ಕದಲ್ಲಿ ಮಸಿ ಕಾರ್ತಾ ಇತ್ತು. ನಾನೇ ಬದಲಾಯಿಸೋಣ ಅಂತ ಕೂತೆ. ನಾಲ್ಕು ಬೋಲ್ಟು, 17ರ ಸ್ಪ್ಯಾನರಿನವು, ಅಂದ್ರೆ ಎಂ10. ಮೂರು ಬಂದವು. ನಾಲ್ಕನೇದಕ್ಕೆ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆದೆ. ಸ್ವಲ್ಪ ತಿರುಗಿತು, ರಬ್ಬರ್ ತಿರುಚಿದ ಹಾಗೆ ಮೆತ್ತಗಾಯ್ತು, ಆಮೇಲೆ ಟಕ್ ಅಂತು. ತಲೆ ಸ್ಪ್ಯಾನರಲ್ಲೇ ಉಳೀತು.

ಮ್ಯಾನಿಫೋಲ್ಡ್ ತೆಗೆದ ಮೇಲೆ ತುಂಡು ಹೆಡ್ಡಿಂದ ಸುಮಾರು 3 ಎಂಎಂ ಹೊರಗೆ ಕಾಣ್ತಿದೆ. ವೈಸ್ ಗ್ರಿಪ್ (ಕಚ್ಚಿ ಹಿಡಿಯೋ ಇಕ್ಕಳ) ಹಾಕಿದರೆ ಜಾರ್ತಿದೆ. ಅಕ್ಕನ ಮಗ ಚಿಕ್ಕಮಗಳೂರಿಂದ ಈಸಿ ಔಟ್ ಸೆಟ್ ತಂದುಕೊಟ್ಟಿದ್ದಾನೆ, ಮುರಿದ ಬೋಲ್ಟಿಗೆ ತೂತು ಕೊರೆದು ಒಳಗೆ ಕಚ್ಚಿಸಿ ತಿರುಗಿಸಿ ತೆಗೆಯೋ ಟೂಲು. ಡ್ರಿಲ್ ಇದೆ, ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ನೂ ಇದೆ. ಇಂಜಿನ್ ಮೇಲಕ್ಕೆ ತರೋಕಾಗಲ್ಲ, ಕೆರೆ ಹತ್ತಿರ ಜೀಪ್ ಇಳಿಯಲ್ಲ. ಮೊಗ್ಗು ನೀರಿಗೆ ಕಾಯ್ತಿವೆ. ಈಸಿ ಔಟ್ ಹಾಕಿಬಿಡ್ಲಾ?

ಲೇತ್ ಮೇಷ್ಟ್ರು, ಹಾಸನ:
ತಮ್ಮಾ, ಮೊದಲು ಆ ಸೆಟ್ಟನ್ನ ವಾಪಸ್ ಡಬ್ಬಿಗೆ ಹಾಕು. ಹತ್ತು ಎಂಎಂ ಬೋಲ್ಟೇ ತಡೀಲಾರದೆ ಮುರಿದಿರೋ ಜಾಗಕ್ಕೆ, ಅದರ ಹೊಟ್ಟೆ ಕೊರೆದು ಐದಾರು ಎಂಎಂ ಈಸಿ ಔಟ್ ಹಾಕ್ತೀಯ, ಅದು ಹೇಗೆ ತಡೀತದೆ? ಅದು ಮೊನೆ ಕಡೆ ಸಣ್ಣ, ಬುಡ ಕಡೆ ದಪ್ಪ. ಬಿಗಿ ಮಾಡಿದಷ್ಟೂ ಕೊರೆದ ಬೋಲ್ಟನ್ನ ಒಳಗಿಂದ ಅಗಲ ಮಾಡಿ ಥ್ರೆಡ್ಡಿಗೆ ಇನ್ನೂ ಒತ್ತುತ್ತೆ. ಮುರೀತು ಅಂದ್ರೆ ಅದು ಗಟ್ಟಿ ಉಕ್ಕು, ನಿನ್ನ ಹತ್ತಿರ ಇರೋ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತೆ ಅಷ್ಟೆ. ನಮ್ಮ ಶಾಪಿಗೆ ಬರ್ತಿದ್ದ ಹೆಡ್ಡುಗಳಲ್ಲಿ ಎಷ್ಟೋ ಇಂಥವೇ. ಬೋಲ್ಟ್ ಮುರಿದಿದ್ದಕ್ಕಿಂತ ಈಸಿ ಔಟ್ ಮುರಿದಿದ್ದು ತೆಗೆಯೋದು ಹತ್ತು ಪಾಲು ಕಷ್ಟ.

3 ಎಂಎಂ ಹೊರಗಿದೆಯಲ್ಲ, ಅದೇ ನಿನ್ನ ಪುಣ್ಯ. ಅದನ್ನ ಗ್ರೈಂಡರಲ್ಲಿ ಸಮ ಮಾಡಬೇಡ. ತುಕ್ಕು ಬಿಡಿಸೋ ಎಣ್ಣೆ ಹಾಕಿ ಎರಡು ದಿನ ಬಿಡು, ಬೆಳಿಗ್ಗೆ ಸಂಜೆ ತುಂಡಿನ ಮೇಲೆ ಸುತ್ತಿಗೆಯಿಂದ ನೇರವಾಗಿ ಹತ್ತಿಪ್ಪತ್ತು ಪೆಟ್ಟು ಕೊಡು. ಜೋರಾಗಿ ಬೇಡ. ಆ ಅದುರಿಗೇ ಎಣ್ಣೆ ಒಳಗೆ ಇಳಿಯೋದು.

ಆಮೇಲೆ ತುಂಡಿನ ಮೇಲೆ ಒಂದು ನಟ್ಟು ಕೂರಿಸಿ ವೆಲ್ಡಿಂಗು. ಡೀಸೆಲ್ ಟ್ಯಾಂಕ್ ಬಿಚ್ಚಿ ದೂರ ಇಡು, ಎಣ್ಣೆಯೆಲ್ಲ ಒರೆಸು, ಒದ್ದೆ ಗೋಣಿಚೀಲ ಪಕ್ಕದಲ್ಲಿರಲಿ. ಅರ್ತ್ ಕ್ಲಾಂಪನ್ನ ಹೆಡ್ಡಿಗೇ, ಬೋಲ್ಟ್ ಹತ್ತಿರವೇ ಹಾಕು. ಪಂಪ್ ಕಡೆ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನ ಕೆಡಿಸುತ್ತೆ. 10ರ ನಟ್ಟು ಬೇಡ, 12ರದ್ದು ತಗೋ, ವೆಲ್ಡಿಂಗ್ ರಾಡ್ ಒಳಗೆ ಇಳಿಯೋಕೆ ಜಾಗ ಬೇಕು. ಸತುವಿನ ಪಾಲಿಶ್ ಇಲ್ಲದ ಕರಿ ನಟ್ಟೇ ಆಗಲಿ, ಸತುವಿನ ಹೊಗೆ ಕೆಟ್ಟದ್ದು. 2.5 ಎಂಎಂ ರಾಡ್, 80-90 ಆಂಪ್ಸ್. ಬೋಲ್ಟಿನ ನಡುವಿಂದ ಶುರು ಮಾಡಿ ನಟ್ಟು ತುಂಬಿಸು, ರಾಡ್ ಬೀಡಿಗೆ ತಾಗದ ಹಾಗೆ ನೋಡ್ಕೋ. ಬೋಲ್ಟ್ ಕಾದು ಹಿಗ್ಗಿ ತುಕ್ಕನ್ನ ಒಡೆಯುತ್ತೆ, ಆರುವಾಗ ಕುಗ್ಗಿ ಸಡಿಲ ಆಗುತ್ತೆ. ಅರ್ಧ ಕೆಲಸ ಅಲ್ಲೇ ಮುಗೀತು. ಕೆಂಪು ಹೋದ ಮೇಲೆ ಮೇಣದ ಬತ್ತಿ ಬುಡಕ್ಕೆ ಒತ್ತು, ಕರಗಿ ಥ್ರೆಡ್ ಒಳಗೆ ಎಳಕೊಳ್ಳುತ್ತೆ. ತಣ್ಣೀರು ಮಾತ್ರ ಸುರೀಬೇಡ, ಬೀಡು ಸೀಳಿಬಿಡುತ್ತೆ. ಪೈಪ್ ಇಲ್ಲದೆ ಬರೀ ಸ್ಪ್ಯಾನರಲ್ಲಿ ಮುಂದಕ್ಕೊಂಚೂರು ಹಿಂದಕ್ಕೊಂಚೂರು ಆಡಿಸು.

ಕಡೂರು ಬೈಕ್ ಹುಡುಗ:
ಮೇಷ್ಟ್ರು ಹೇಳಿದ್ದು ಬೀಡಿಗೆ ಸರಿ. ಬೈಕಿನ ಅಲ್ಯೂಮಿನಿಯಂ ಹೆಡ್ಡಿದ್ದವರು ಇದನ್ನ ಓದಿ ಗ್ಯಾಸ್ ಟಾರ್ಚ್ ಹಿಡಿದುಬಿಡಬೇಡಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ, ಕಬ್ಬಿಣದ ಥರ ಕೆಂಪಾಗಿ ಸೂಚನೆ ಕೊಡಲ್ಲ. ನನ್ನ ಬೈಕಲ್ಲಿ ಬೋಲ್ಟ್ ಒಳಗೇ ಮುರಿದಿತ್ತು. ಸೆಂಟರ್ ಪಂಚ್ ಒಂದು ಎಂಎಂ ಪಕ್ಕಕ್ಕೆ ಬಿತ್ತು, ಡ್ರಿಲ್ ಮೆತ್ತಗಿರೋ ಅಲ್ಯೂಮಿನಿಯಂ ಕಡೆಗೇ ಓಡ್ತು. ಕೊನೆಗೆ ಹೆಲಿಕಾಯಿಲ್ (ಹಾಳಾದ ಥ್ರೆಡ್ ಬದಲಿಗೆ ಕೂರಿಸೋ ತಂತಿ ಸುರುಳಿ) ಹಾಕಿಸಿದೆ. ಕೊರೆಯಲೇಬೇಕಾದರೆ ಎಡಕ್ಕೆ ತಿರುಗೋ ಡ್ರಿಲ್ ಬಿಟ್ ಸಿಗುತ್ತೆ, ಕೊರೆಯುವಾಗಲೇ ತುಂಡು ಬಿಚ್ಚಿಕೊಂಡು ಬರೋದೂ ಉಂಟು.

ಸಕಲೇಶಪುರ ಕಾಫಿ:
ಇಂಜಿನ್ ನನಗೆ ಗೊತ್ತಿಲ್ಲ, ನೀರಿನ ಬಗ್ಗೆ ಒಂದು ಮಾತು ಅಣ್ಣ. ರೊಬಸ್ಟಾಗೆ ಹೂವಿಗೆ ಒಂದರಿಂದ ಒಂದೂವರೆ ಇಂಚು ನೀರು ಬೀಳಬೇಕು. ಇಂಜಿನ್ ನಂಬಿಕೆಗೆ ಬರೋ ತನಕ ತೋಟದ ಯಾವ ಬ್ಲಾಕಿಗೂ ನೀರು ಶುರು ಮಾಡಬೇಡಿ. ಅರ್ಧ ನೆನೆಸಿ ನಿಲ್ಲಿಸಿದರೆ ಮೊಗ್ಗು ಸರಿಯಾಗಿ ಅರಳಲ್ಲ. ನಾಲ್ಕು ದಿನ ತಡವಾದರೂ ಪರವಾಗಿಲ್ಲ.

ಮೂಡಿಗೆರೆ ತೋಟ:
ಬಂತು! ಮೇಷ್ಟ್ರೇ, ನಿಮಗೆ ಎಷ್ಟು ಸಲ ಥ್ಯಾಂಕ್ಸ್ ಹೇಳಿದರೂ ಸಾಲದು.

ಎರಡು ದಿನ ಎಣ್ಣೆ ಹಾಕಿ ತಟ್ಟಿದೆ. ಮೊದಲನೇ ನಟ್ಟು ಹಿಡೀಲಿಲ್ಲ, ಸ್ಪ್ಯಾನರ್ ಹಾಕಿದ ಕೂಡಲೇ ಕಿತ್ತು ಬಂತು. ತುಂಡಿನ ಮುಖದಲ್ಲಿ ಎಣ್ಣೆ, ಮಸಿ ಉಳಿದಿತ್ತು. ವೈರ್ ಬ್ರಷ್ಷಲ್ಲಿ ಬೆಳ್ಳಗಾಗೋ ತನಕ ಉಜ್ಜಿದೆ. ಎರಡನೇ ನಟ್ಟು ಚೆನ್ನಾಗಿ ಕೂತಿತು. ಕೆಂಪು ಹೋದ ಮೇಲೆ ಮೇಣ ಒತ್ತಿದೆ, ನೀವು ಹೇಳಿದ ಹಾಗೇ ಬುಡದಲ್ಲಿ ಮಾಯ ಆಯ್ತು. ಸ್ಪ್ಯಾನರ್ ಹಾಕಿದಾಗ ಮೊದಲು ಬಿಗಿ ಮಾಡೋ ಕಡೆಗೇ ಕೂದಲೆಳೆಯಷ್ಟು ತಿರುಗಿತು, ಆಮೇಲೆ ಹಿಂದಕ್ಕೆ. ಹತ್ತು ನಿಮಿಷ ಹೀಗೆ ಆಡಿಸಿದೆ, ಕಿರ್ ಅಂತ ಶಬ್ದ ಮಾಡ್ತಾ ಪೂರ್ತಿ ಬಂತು. ಅದನ್ನ ಕೈಯಲ್ಲಿ ಹಿಡ್ಕೊಂಡು ಸುಮಾರು ಹೊತ್ತು ಅಲ್ಲೇ ಕೂತಿದ್ದೆ ಮಾರಾಯ್ರೆ.

ಎಂ10, 1.5 ಪಿಚ್ ಟ್ಯಾಪನ್ನ (ಥ್ರೆಡ್ ಕೊರೆಯೋ ಟೂಲು) ಕೈಯಲ್ಲೇ ಇಳಿಸಿ ತೂತು ಚೊಕ್ಕ ಮಾಡಿದೆ. ಥ್ರೆಡ್ ಹಾಳಾಗಿಲ್ಲ. ನಾಲ್ಕೂ ಬೋಲ್ಟು ಹೊಸದು, ತಾಮ್ರದ ಗ್ರೀಸ್ ಸವರಿ ಹಾಕಿದೆ. ಒಂದು ಗಂಟೆ ಓಡಿಸಿ, ಆರಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿದೆ. ಮಸಿ ಇಲ್ಲ.

ಸಕಲೇಶಪುರದ ತಂಗಿ, ನಿಮ್ಮ ಮಾತು ಕೇಳಿ ಇವತ್ತಿನ ತನಕ ಕಾದೆ. ಬೆಳಿಗ್ಗೆ ಆರಕ್ಕೆ ಮೇಲಿನ ಬ್ಲಾಕಿಗೆ ನೀರು ಬಿಟ್ಟಿದ್ದೇನೆ, ಈಗ ಎರಡನೇ ಲೈನು ನಡೀತಾ ಇದೆ.