ಪದಚರ್ಚೆ: «ಹವಾನಿರೋಧಕ, ಕೆತ್ತಬಲ್ಲ ಸಾಮಗ್ರಿ» ಸರಿಯೇ? (ಬಯಲಿನ ಮಾದರಿ ರೈಲು)

ಚಿಕ್ಕಬಳ್ಳಾಪುರದಿಂದ:
ನಂದಿ ನಿಲ್ದಾಣದ 1:22.5 (ಅಸಲಿನ 22.5ರಲ್ಲಿ ಒಂದು ಪಾಲು) ಅಳತೆಯ ಮಾದರಿಯನ್ನು ಬಯಲಲ್ಲೇ ನಿಲ್ಲಿಸುತ್ತಿದ್ದೇವೆ. ಕಟ್ಟುವವರ ಕೈಪಿಡಿ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. 5 ಮಿ.ಮೀ. ಪಿವಿಸಿ ಫೋಮ್ ಶೀಟ್ (ಒಳಗೆ ಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ), ಎಕ್ಸ್‌ಪಿಎಸ್ (ಪಾಲಿಸ್ಟೈರೀನ್ ನೊರೆಯ) ಹಲಗೆ, ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕ್ ಮೂರಕ್ಕೂ ಮೇಲಿನ ತಲೆಬರಹ ನಡೆಯುತ್ತದೆಯೇ?

ತುಮಕೂರಿನಿಂದ:
ನಡೆಯದು. ಕೆತ್ತಬಲ್ಲವನು ಶಿಲ್ಪಿ, ಹಲಗೆಯಲ್ಲ. «ಕೆತ್ತಲು ಬರುವ» ಎನ್ನಿ. «ಹವಾನಿರೋಧಕ»ವನ್ನು ಗಾಳಿಯಾಡದ್ದು ಎಂದೇ ಓದಿಕೊಳ್ಳುತ್ತಾರೆ. ಅದೂ ಅಲ್ಲದೆ ಎಎಸಿ ಏನನ್ನೂ ನಿರೋಧಿಸುವುದಿಲ್ಲ, ನೀರು ಹೀರುತ್ತದೆ. ಕೆತ್ತಿ, ಧೂಳು ತೆಗೆದು, ಪಾಲಿಮರ್ ಬೆರೆಸಿದ ಸಿಮೆಂಟ್ ಹಾಲನ್ನು ಎರಡು ಸಲ ಬಳಿಯದಿದ್ದರೆ ಮೊದಲ ಮಳೆಗಾಲದಲ್ಲೇ ಪಾಚಿ. ಎಕ್ಸ್‌ಪಿಎಸ್ ನೀರಿಗೆ ಜಗ್ಗದು, ಆದರೆ ಬರಿಮೈ ಬಿಟ್ಟರೆ ಬಿಸಿಲಿಗೆ ಹಳದಿಯಾಗಿ ಪುಡಿ ಉದುರುತ್ತದೆ. ಪಿವಿಸಿ ಹಿಗ್ಗುತ್ತದೆ: 600 ಮಿ.ಮೀ. ಗೋಡೆ 30 ಡಿಗ್ರಿ ಕಾದರೆ 1 ಮಿ.ಮೀ.ಗೂ ಹೆಚ್ಚು. ಸ್ಕ್ರೂ ತೂತು ಉದ್ದುದ್ದ ಇರಲಿ. ಚಾವಣಿಗೆ ಕಪ್ಪು ಬಳಿದರೆ ಬಾಗುತ್ತದೆ. ಹಾಗಾಗಿ «ಮಳೆಬಿಸಿಲು ತಾಳುವ» ಎಂದು ಬರೆದು, ಪ್ರತಿಯೊಂದರ ಮುಂದೆ ಲೇಪ ಹೇಳಿ.

ಕೋಲಾರದಿಂದ:
«ಹವಾನಿರೋಧಕ» ಶುದ್ಧ ಅರಿಸಮಾಸ. ಪಟ್ಟಿಯ ಇಂಗ್ಲಿಷ್ ಏಕೆ ಉಳಿಯಬೇಕು? ಫೋಮ್ ಶೀಟ್ «ನೊರೆಹಲಗೆ», ಎಎಸಿ «ಗಾಳಿಗಲ್ಲು». ನಮ್ಮ ಬೇರುಗಳಿರುವಾಗ ಸಾಲ ಬೇಡ.

ತುಮಕೂರಿನಿಂದ:
ಅರಿಸಮಾಸ ಕನ್ನಡ–ಸಂಸ್ಕೃತಗಳ ಕೂಡಿಕೆ. «ಹವಾ» ಅರಬ್ಬಿ, ಇಲ್ಲಿ ಕನ್ನಡ ಪದವೇ ಇಲ್ಲ. «ನೊರೆಹಲಗೆ» ಅಪಾಯಕಾರಿ ಕೂಡ: ಪಿವಿಸಿಯೂ ನೊರೆ, ಎಕ್ಸ್‌ಪಿಎಸ್ಸೂ ನೊರೆ. ಪಿವಿಸಿ ಪೈಪಿನ ಸಾಲ್ವೆಂಟ್ ಸಿಮೆಂಟ್ ಮೊದಲನೆಯದನ್ನು ಬೆಸೆಯುತ್ತದೆ, ಎರಡನೆಯದನ್ನು ಕರಗಿಸಿ ಹಳ್ಳ ಮಾಡುತ್ತದೆ. ಅಂಗಡಿಯಲ್ಲಿ ಕೇಳುವ ಹೆಸರೇ ಕೈಪಿಡಿಯಲ್ಲಿರಬೇಕು. ಹೊಯ್ಸಳ ಶಾಸನಗಳ «ರೂವಾರಿ» ಸಂಸ್ಕೃತದ ರೂಪಕಾರಿಯಿಂದ ಬಂದದ್ದು. ಕಲ್ಲು ಕೆತ್ತಿದವನ ಹೆಸರೇ ಸಾಲದ್ದು!

ಕೋಲಾರದಿಂದ:
ರೂವಾರಿ ತದ್ಭವ, ನಮ್ಮ ಬಾಯಲ್ಲಿ ಪಳಗಿದ ಪದ. ಫೋಮ್ ಶೀಟ್ ಪಳಗಿಲ್ಲ, ನಕಲಾಗಿದೆ. ಹೋಗಲಿ, «ಕೆತ್ತು» ಎಂಬುದೇ ಪಿವಿಸಿಗೆ ತಪ್ಪು. ಕೆತ್ತು ಎಂದರೆ ಚಕ್ಕೆ ಎಬ್ಬಿಸುವುದು. ಗಟ್ಟಿಮೈಯ ಶೀಟಿನಲ್ಲಿ ಚಕ್ಕೆ ಎಬ್ಬಿಸಿದರೆ ಒಳಗಿನ ಮೆತ್ತನೆ ಗುಳ್ಳೆಗಳು ಬಯಲಾಗಿ ಕೊಳೆ ಹಿಡಿಯುತ್ತವೆ. ಅದರ ಮೇಲೆ ಕಲ್ಲುಗಳ ನಡುವಿನ ಸಂದನ್ನು ಗೀರಬೇಕು. ಈ ಅಳತೆಯಲ್ಲಿ 300 ಮಿ.ಮೀ. ಕಲ್ಲು 13 ಮಿ.ಮೀ. ಆಗುತ್ತದೆ, ಸಂದು ಅರ್ಧ ಮಿ.ಮೀ. ಸಾಕು. ಕೆತ್ತನೆ ಎಎಸಿಗೆ.

ಚಿಕ್ಕಬಳ್ಳಾಪುರದಿಂದ:
«ಮಳೆಬಿಸಿಲು ತಾಳುವ, ಕೆತ್ತಲು ಇಲ್ಲವೇ ಗೀರಲು ಬರುವ ಸಾಮಗ್ರಿಗಳು» ಎಂದು ಅಚ್ಚಿಗೆ ಕಳಿಸುತ್ತಿದ್ದೇನೆ. ಫೋಮ್ ಶೀಟ್ ಹಾಗೇ ಇರಲಿದೆ. ಅಂಟಿಗೆ ಬೇರೆ ಕಾಲಂ ಸೇರಿಸಿದೆ.