ಮನೆಯಲ್ಲೇ ದಿನಕ್ಕೆ ಹತ್ತು ನಿಮಿಷದ ಬಿರುಸಿನ ವ್ಯಾಯಾಮ ಸಾಕೇ?

ಪ್ರಶ್ನೆ: ನನಗೆ 42 ವರ್ಷ, ದಿನವಿಡೀ ಕುಳಿತು ಮಾಡುವ ಕೆಲಸ. ಜಿಮ್‌ಗೆ ಹೋಗಿಬರುವಷ್ಟು ಪುರುಸೊತ್ತಿಲ್ಲ. ಮನೆಯಲ್ಲೇ ಹತ್ತು ನಿಮಿಷ ಬಿರುಸಾಗಿ ವ್ಯಾಯಾಮ ಮಾಡಿದರೆ ಮೈ ಹದಕ್ಕೆ ಬರುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ಎರಡು ವರ್ಷಗಳಿಂದ ವಾರಕ್ಕೆ ನಾಲ್ಕು ದಿನ ಮಾಡುತ್ತಿದ್ದೇನೆ. ಉಪಯೋಗವಿದೆ, ಆದರೆ ಯಾವುದಕ್ಕೆ ಎಂಬುದನ್ನು ಮೊದಲೇ ತಿಳಿದಿದ್ದರೆ ನಿರಾಶೆಯಾಗದು. ನನಗೆ ಹೆಚ್ಚಿದ್ದು ದಮ್ಮು. ಮೂರನೆಯ ಮಹಡಿಯ ನಮ್ಮ ಮನೆಗೆ 20 ಲೀಟರಿನ ನೀರಿನ ಕ್ಯಾನು ಹೊತ್ತು ಹತ್ತುವಾಗ ಎರಡನೆಯ ಮಹಡಿಯ ತಿರುವಿನಲ್ಲಿ ಅದನ್ನು ಕೆಳಗಿಟ್ಟು ಏದುಸಿರು ಬಿಡುತ್ತಿದ್ದವನು, ಎರಡು ತಿಂಗಳಾಗುವ ಹೊತ್ತಿಗೆ ನಿಲ್ಲದೆ ಬಾಗಿಲು ಮುಟ್ಟತೊಡಗಿದೆ. ತೂಕ ಮಾತ್ರ ಒಂದು ಕಿಲೋ ಕೂಡ ಇಳಿಯಲಿಲ್ಲ. ಹತ್ತು ನಿಮಿಷದಲ್ಲಿ ಕರಗುವುದು ಸುಮಾರು ನೂರು ಕ್ಯಾಲೊರಿ. ಒಂದು ಬೆಣ್ಣೆ ಮಸಾಲೆ ದೋಸೆ ಅದಕ್ಕಿಂತ ಹೆಚ್ಚನ್ನೇ ಮರಳಿ ಕೊಡುತ್ತದೆ.

ಎಲ್ಲರ ಬಾಯಲ್ಲೂ ಇರುವ 'ತಬಾತಾ' ಕ್ರಮದಲ್ಲಿ 20 ಸೆಕೆಂಡು ದುಡಿದು 10 ಸೆಕೆಂಡು ನಿಲ್ಲಬೇಕು. ಎಂಟು ಸುತ್ತಿಗೆ ನಾಲ್ಕು ನಿಮಿಷ. ಜಪಾನಿನ ಇಜುಮಿ ತಬಾತಾ ಅವರ ತಂಡ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದೈಹಿಕ ಶಿಕ್ಷಣ ಓದುತ್ತಿದ್ದ ತರುಣರು, ಏಳೆಂಟು ಸುತ್ತಿಗೆ ಕಾಲು ಸೋಲುವಂತೆ ಬಿಗಿ ಮಾಡಿದ್ದ ನಿಂತಲ್ಲೇ ತುಳಿಯುವ ಸೈಕಲ್ಲನ್ನು ತುಳಿದಿದ್ದರು. ಟಿವಿ ನೋಡುತ್ತ ಕೈಕಾಲು ಬೀಸುವುದಕ್ಕೂ ಅದೇ ಹೆಸರಿಡುವುದು ಸರಿಯಲ್ಲ. ಕೊನೆಯ ಸುತ್ತಿನಲ್ಲಿ ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ ನಿಮ್ಮ ಬಿರುಸು ಸರಿಯಾಗಿದೆ ಎಂದು ತಿಳಿಯಿರಿ.

ಉತ್ತರ 2: ಮೇಲಿನವರು ದಮ್ಮಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ನನ್ನದು ಮಂಡಿಯ ಕಥೆ. ಐವತ್ತು ದಾಟಿದವಳು ಮೊದಲ ದಿನವೇ ಮೈ ಬಿಸಿ ಮಾಡಿಕೊಳ್ಳದೆ, ಬರಿಗಾಲಲ್ಲಿ, ಟೈಲ್ಸ್ ನೆಲದ ಮೇಲೆ ಕುಣಿದು ಕುಪ್ಪಳಿಸಿದೆ. ಒಂಬತ್ತನೆಯ ದಿನಕ್ಕೆ ಬಲಮಂಡಿ ಊದಿಕೊಂಡಿತು, ಕೆಳಮನೆಯವರು ಬಂದು ಬಾಗಿಲು ತಟ್ಟಿದ್ದು ಬೇರೆ. ಆಮೇಲೆ ಓದಿ ತಿಳಿದದ್ದು ಇದು: ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ಅವರ ತಂಡ 2016ರಲ್ಲಿ, ವ್ಯಾಯಾಮದ ರೂಢಿಯೇ ಇಲ್ಲದ ಗಂಡಸರಿಂದ ವಾರಕ್ಕೆ ಮೂರು ಸಲ ಹತ್ತು ನಿಮಿಷ ಸೈಕಲ್ ತುಳಿಸಿದಾಗ, ಅದರಲ್ಲಿ ಪ್ರಾಣ ಹೋಗುವಂತೆ ತುಳಿಯಬೇಕಿದ್ದದ್ದು 20 ಸೆಕೆಂಡಿನ ಮೂರು ಸರದಿ ಮಾತ್ರ, ಉಳಿದದ್ದೆಲ್ಲ ನಿಧಾನ. ಹನ್ನೆರಡು ವಾರಗಳಲ್ಲಿ ಅವರ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯವು, 45 ನಿಮಿಷ ಒಂದೇ ಸಮನೆ ತುಳಿದವರಷ್ಟೇ ಹೆಚ್ಚಿತ್ತು. ಈಗ ನಾನು ನೆಗೆಯುವುದಿಲ್ಲ; ಮೂರು ನಿಮಿಷ ನಿಧಾನವಾಗಿ ಓಡಾಡಿ, ಅಪಾರ್ಟ್‌ಮೆಂಟಿನ ಮೆಟ್ಟಿಲನ್ನು ಬಿರಬಿರನೆ ಹತ್ತಿ, ಮೆಲ್ಲಗೆ ಇಳಿಯುತ್ತೇನೆ. ಬಿಪಿ, ಶುಗರ್ ಇದ್ದರೆ ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಉತ್ತರ 3: ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 75 ನಿಮಿಷದ ಬಿರುಸಿನ ವ್ಯಾಯಾಮ, ಇಲ್ಲವೇ 150 ನಿಮಿಷದ ಮಧ್ಯಮ ಚಟುವಟಿಕೆ ಬೇಕೆನ್ನುತ್ತದೆ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕಂತೆ. ದಿನಾ ಹತ್ತು ನಿಮಿಷವೆಂದರೆ ಆ 75 ನಿಮಿಷದ ಹತ್ತಿರ ಹೋದಿರಿ, ಸ್ನಾಯುಗಳ ಕೆಲಸವೇ ತಪ್ಪಿಹೋಗುವುದು. ಗರಡಿಮನೆಯ ದಂಡ, ಬಸ್ಕಿಗಳಿಂದ ಎದೆ, ತೋಳು, ತೊಡೆ ಗಟ್ಟಿಯಾಗುತ್ತವೆ, ಆದರೆ ಬೆನ್ನಿಗೆ ಎಳೆಯುವ ಕೆಲಸ ಬೇಕು. ನಾನು ಮಗನ ಹಳೆಯ ಶಾಲಾ ಬ್ಯಾಗಿನಲ್ಲಿ ಹತ್ತು ಕಿಲೋ ಅಕ್ಕಿ ತುಂಬಿ, ಸೊಂಟದಿಂದ ಮುಂದಕ್ಕೆ ಬಾಗಿ ಹೊಟ್ಟೆಯತ್ತ ಎಳೆಯುತ್ತೇನೆ. ಬ್ಯಾಗಿನ ಪಟ್ಟಿಯನ್ನು ಮೊದಲೇ ಗಟ್ಟಿಯಾಗಿ ಹೊಲಿಸಿಕೊಳ್ಳಿ; ನನ್ನದು ಹರಿದು ಅರ್ಧ ಅಕ್ಕಿ ಸೋಫಾದಡಿ ಸೇರಿತ್ತು.